ಒಕ್ಕಗಳನ್ನು ಕೂಡಿಸಿದ ಕೋಲು

ಶ್ರೀರಂಗಪಟ್ಟಣವನ್ನು ನೋಡಲು ಬಂದವರಿಗೆ ನಾವು ತೋರಿಸುವ ಸ್ಥಳಗಳು ಎಲ್ಲರಿಗೂ ಗೊತ್ತಿರುವಂಥವೇ. ರಂಗನಾಥನ ಗುಡಿ, ದರಿಯಾ ದೌಲತ್, ಗುಂಬಜು, ಬೇಯ್ಲಿಯ ಸೆರೆಮನೆ, 1799ರ ಮೇ ತಿಂಗಳಲ್ಲಿ ಟಿಪ್ಪು ಬಿದ್ದ ಜಾಗ. ಇವೆಲ್ಲ ಅರಸರ, ದಳವಾಯಿಗಳ, ಮುತ್ತಿಗೆಗಳ ನೆನಪುಗಳು. ಆದರೆ ಈ ಕೋಟೆಯ ಗೋಡೆಗಳ ನಡುವೆ ಹೆಸರಿಲ್ಲದ ಇನ್ನೊಂದು ನೆನಪೂ ಅಡಗಿದೆ. ಕೊಡಗಿನಿಂದ ಸೆರೆಹಿಡಿದು ತಂದ ಸಂಸಾರಗಳು ಇಲ್ಲಿ ಕೆಲವು ವರ್ಷಗಳ ಕಾಲ ಇದ್ದವು. ಅವರ ಸಂಖ್ಯೆ ಎಷ್ಟೆಂಬುದರಲ್ಲಿ ಚರಿತ್ರಕಾರರಿಗೆ ಒಮ್ಮತವಿಲ್ಲ. ಒಬ್ಬೊಬ್ಬರು ಒಂದೊಂದು ಲೆಕ್ಕ ಕೊಡುತ್ತಾರೆ. 1792ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಪಟ್ಟಣವನ್ನು ಮುತ್ತಿದಾಗ, ಆ ಗದ್ದಲದಲ್ಲಿ ಇವರಲ್ಲಿ ಬಹಳ ಮಂದಿ ತಪ್ಪಿಸಿಕೊಂಡು ತಾಯ್ನಾಡಿಗೆ ಮರಳಿದರು. ಕಾವೇರಿ ಹರಿದು ಬಂದ ದಾರಿಯನ್ನೇ ಎದುರುಮುಖವಾಗಿ ಹಿಡಿದು, ಹೊಳೆಯ ಹುಟ್ಟಿನ ಕಡೆಗೆ ಅವರು ನಡೆದಿರಬೇಕು. ಹಾಗೆ ಮರಳಿದವರು ತಮ್ಮ ಮನೆಗಳನ್ನು ಯಾವ ಸ್ಥಿತಿಯಲ್ಲಿ ಕಂಡರು, ನಡುಮನೆಯ ದೀಪವನ್ನು ಮತ್ತೆ ಹಚ್ಚಿದ ಕೈ ಯಾವುದು ಎಂಬುದನ್ನು ಯಾವ ಶಾಸನವೂ ಹೇಳುವುದಿಲ್ಲ.

ಇಂದು ನಾನು ಹೇಳಹೊರಟಿರುವುದು ಇಂಥ ಮನೆಗಳ ಚರಿತ್ರೆಯನ್ನು; ಅದರಲ್ಲೂ ಚದುರಿಹೋಗಿದ್ದ ಮನೆಗಳನ್ನು ಒಂದು ಆಟದ ನೆಪದಿಂದ ಮತ್ತೆ ಒಂದೆಡೆ ಕೂಡಿಸಿದ ಒಬ್ಬ ಹಿರಿಯರನ್ನು ಕುರಿತು. ಅವರ ಹೆಸರು ಪಾಂಡಂಡ ಕುಟ್ಟಪ್ಪ. ಕೊಡಗಿನಲ್ಲಿ ಅವರನ್ನು ಕುಟ್ಟಣಿ ಎಂದೇ ಕರೆಯುತ್ತಿದ್ದರು. ಆಟ ಹಾಕಿ.

‘ಕನ್ನಡ ಮೇಷ್ಟರಿಗೂ ಹಾಕಿಗೂ ಏನು ಸಂಬಂಧ?’ ಎಂದು ನೀವು ಕೇಳಬಹುದು. ಸಹಜವಾದ ಪ್ರಶ್ನೆಯೇ. ನಾನು ಹುಟ್ಟಿದ್ದು ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನನ್ನ ಉಪಾಧ್ಯಾಯ ವೃತ್ತಿಯೆಲ್ಲ ಕಳೆದದ್ದು ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಎಂಬ ಈ ನಾಲ್ಕು ಊರುಗಳ ನಡುವೆ. ನಮ್ಮ ಕಡೆಯ ಹುಡುಗರಿಗೆ ಗೊತ್ತಿದ್ದ ಆಟಗಳೆಂದರೆ ಚಿಣ್ಣಿದಾಂಡು, ಕಬಡ್ಡಿ, ಆಮೇಲೆ ಬಂದ ಕ್ರಿಕೆಟ್ಟು. ಹಾಕಿಯನ್ನು ನಾನು ಕಂಡದ್ದಕ್ಕಿಂತ ರೇಡಿಯೋದಲ್ಲಿ ಕೇಳಿದ್ದೇ ಹೆಚ್ಚು. 1975ರಲ್ಲಿ ನಮ್ಮವರು ವಿಶ್ವಕಪ್ ಗೆದ್ದ ಸುದ್ದಿಯನ್ನು ಹಳ್ಳಿಯ ಪಂಚಾಯಿತಿ ರೇಡಿಯೋದ ಮುಂದೆ ನಿಂತು ಕೇಳಿದ ಹುಡುಗರಲ್ಲಿ ನಾನೂ ಒಬ್ಬ.

ಕೃಷ್ಣರಾಜಪೇಟೆಯಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕರಾಗಿ ಕೊಡಗಿನವರೊಬ್ಬರು ಬಂದರು. ಇಬ್ಬರೂ ಒಂದೇ ವಠಾರದಲ್ಲಿ ಬಾಡಿಗೆಗಿದ್ದೆವು. 1997ರ ಬೇಸಿಗೆ, ಪರೀಕ್ಷೆಯ ಕೆಲಸ ತಲೆಯ ಮೇಲಿದ್ದಾಗ ಅವರು ರಜೆಗೆ ಅರ್ಜಿ ಕೊಟ್ಟರು. ಕಾರಣ ಎಂಬಲ್ಲಿ ‘ಊರಿನಲ್ಲಿ ಹಬ್ಬ’ ಎಂದು ಬರೆದಿದ್ದರು. ‘ಯುಗಾದಿ ಮುಗಿಯಿತಲ್ಲ, ಇದು ಯಾವ ಹಬ್ಬವಯ್ಯಾ?’ ಎಂದು ಪ್ರಾಂಶುಪಾಲರು ಕೇಳಿದರು. ‘ಹಾಕಿ ಹಬ್ಬ, ಸರ್’ ಎಂದರು ಇವರು. ಅಧ್ಯಾಪಕರ ಕೊಠಡಿಯಲ್ಲಿ ಎಲ್ಲರೂ ನಕ್ಕೆವು. ನಕ್ಕವರಲ್ಲಿ ನನ್ನ ದನಿಯೇ ಜೋರಾಗಿತ್ತು. ಅಂದು ಸಂಜೆ ಅವರು ನನಗೆ ಬಿಡಿಸಿ ಹೇಳಿದರು: ‘ಮೇಷ್ಟ್ರೇ, ಇದು ಕ್ಲಬ್ಬುಗಳ ಪಂದ್ಯವಲ್ಲ. ಒಂದೊಂದು ಮನೆತನದ್ದು ಒಂದೊಂದು ತಂಡ. ನಮ್ಮ ಒಕ್ಕದಿಂದ ಹನ್ನೊಂದು ಜನ ಹೊರಡಿಸಬೇಕು. ನಾನು ಹೋಗದಿದ್ದರೆ ಹತ್ತೇ ಜನ ಆಗುತ್ತಾರೆ.’

‘ಒಕ್ಕ’ ಎಂಬ ಮಾತು ನನ್ನ ಕಿವಿಗೆ ಅಂದು ಬಿದ್ದದ್ದು ಮರೆಯುವಂತಿಲ್ಲ. ಕನ್ನಡ ಎಂ.ಎ. ಓದಿದವನಿಗೆ ಆ ಮಾತಿನ ಬಂಧುಗಳನ್ನು ಹುಡುಕುವುದು ಕಷ್ಟವೇನಲ್ಲ. ಹಳಗನ್ನಡದಲ್ಲಿ ‘ಒಕ್ಕಲ್’ ಎಂದರೆ ಮನೆ, ವಾಸ, ಮನೆಯಲ್ಲಿ ನೆಲಸಿದವನು. ನಮ್ಮ ಸೀಮೆಯ ಒಕ್ಕಲು, ಒಕ್ಕಲುತನ, ಒಕ್ಕಲಿಗ ಎಲ್ಲವೂ ಅಲ್ಲಿಂದ ಬಂದವು. ತಮಿಳಿನಲ್ಲಿ ಅದೇ ಮಾತಿಗೆ ನೆಂಟರಿಷ್ಟರು ಎಂಬ ಅರ್ಥವಿದೆ. ಕೊಡವ ಭಾಷೆಯಲ್ಲಿ ಒಕ್ಕವೆಂದರೆ ಒಬ್ಬ ಮೂಲಪುರುಷನಿಂದ ಗಂಡುಸಂತತಿಯ ದಾರಿಯಲ್ಲಿ ಬೆಳೆದ ಇಡೀ ಕುಲ. ನೆಲ, ನೆಲೆ, ನೆಂಟಸ್ತಿಕೆ ಈ ಮೂರೂ ಒಂದೇ ಬೇರಿನ ಕವಲುಗಳು. ನಾವು ಮಂಡ್ಯದ ಸೀಮೆಯವರು ನೆಲವನ್ನು ಉಳಿಸಿಕೊಂಡೆವು. ಕೊಡವರು ಆ ಮಾತಿನಲ್ಲಿ ಮನೆತನವನ್ನು ಉಳಿಸಿಕೊಂಡರು.

ಕೊಡಗು ಎಂದೊಡನೆ ಕನ್ನಡದ ಓದುಗರಿಗೆ ನೆನಪಾಗುವುದು ಮಾಸ್ತಿಯವರ ‘ಚಿಕವೀರ ರಾಜೇಂದ್ರ’. ಜ್ಞಾನಪೀಠದ ಗೌರವ ಪಡೆದ ಆ ಕಾದಂಬರಿಯಲ್ಲಿ ಅರಸುಮನೆಯ ಅವಸಾನವಿದೆ. 1834ರಲ್ಲಿ ಕೊಡಗು ಇಂಗ್ಲಿಷರ ವಶವಾದ ಸನ್ನಿವೇಶವಿದೆ. ಆದರೆ ಅರಸುಮನೆ ಮುಳುಗಿದ ಮೇಲೂ ಕೊಡಗಿನ ಒಕ್ಕಗಳು ಉಳಿದವು. ಒಂದೊಂದು ಒಕ್ಕಕ್ಕೂ ಒಂದು ಹೆಸರು. ಆ ಹೆಸರು ವ್ಯಕ್ತಿಯ ಹೆಸರಿಗಿಂತ ಮೊದಲು ಬರುತ್ತದೆ. ಒಂದೊಂದು ಒಕ್ಕಕ್ಕೂ ಒಂದು ಐನ್‌ಮನೆ, ಎಂದರೆ ಮೂಲಮನೆ. ಅಲ್ಲಿ ಹಿರಿಯರ ನೆನಪಿಗೆ ಉರಿಯುವ ತೂಗುದೀಪ. ಹತ್ತಿರದಲ್ಲಿ ಪಿತೃಗಳ ಗುಡಿಯಾದ ಕೈಮಡ. ಮೂಲಪುರುಷನನ್ನು ‘ಕಾರೋಣ’ ಎನ್ನುತ್ತಾರೆ. ಬದುಕಿರುವವರಲ್ಲಿ ಹಿರಿಯನಾದವನು ಪಟ್ಟೇದಾರ. ಭೂಮಿ ‘ಜಮ್ಮ’ ಹಿಡುವಳಿಯದು. ಅರಸನಿಗೆ ಯುದ್ಧಕಾಲದಲ್ಲಿ ಸೇವೆ ಸಲ್ಲಿಸುವ ಹೊಣೆಯ ಮೇಲೆ ಒಕ್ಕಕ್ಕೆ ಒಟ್ಟಾಗಿ ದೊರೆತದ್ದು. ಒಕ್ಕಕ್ಕೆ ಸೇರಿದ್ದಾದ್ದರಿಂದ ಒಬ್ಬನೇ ಮಾರುವಂತಿರಲಿಲ್ಲ. ಈ ಲೋಕದ ಹಾಡು, ಕಟ್ಟಳೆ, ಗಾದೆಗಳನ್ನೆಲ್ಲ ನಡಿಕೇರಿಯಂಡ ಚಿಣ್ಣಪ್ಪನವರು ಮನೆಮನೆಗೆ ನಡೆದು ಕೂಡಿಹಾಕಿ, 1924ರಲ್ಲಿ ‘ಪಟ್ಟೋಲೆ ಪಳಮೆ’ ಎಂಬ ಗ್ರಂಥವಾಗಿ, ಕನ್ನಡ ಲಿಪಿಯಲ್ಲಿ ಪ್ರಕಟಿಸಿದರು. ಜಾನಪದ ಸಂಗ್ರಹವೆಂಬುದು ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಒಂದು ಪಾಠ್ಯವಿಷಯವಾಗುವುದಕ್ಕೆ ಎಷ್ಟೋ ಮುಂಚೆ ಮಾಡಿದ ಕೆಲಸ ಅದು.

ಆದರೆ ಇಪ್ಪತ್ತನೆಯ ಶತಮಾನ ಮುಂದುವರಿದಂತೆ ಐನ್‌ಮನೆಗಳು ಬರಿದಾಗತೊಡಗಿದವು. ಗಂಡಸರು ಸೈನ್ಯಕ್ಕೆ ಸೇರಿದರು. ವಿದ್ಯಾವಂತರು ಮೈಸೂರಿಗೂ ಬೆಂಗಳೂರಿಗೂ ಹೋದರು. ಕಾಫಿಯ ತೋಟಗಳು ಬಂದ ಮೇಲೆ ಒಂದೊಂದು ಸಂಸಾರವೂ ತನ್ನ ತೋಟದಲ್ಲಿ ಬೇರೆ ಮನೆ ಕಟ್ಟಿತು. 1956ರಲ್ಲಿ ಕೊಡಗು ಆಗಿನ ಮೈಸೂರು ರಾಜ್ಯಕ್ಕೆ ಸೇರಿತು. ಕೆಲಸದ ಅವಕಾಶಗಳು ಹೊರಗೇ ಹೆಚ್ಚಾದವು. ಒಂದೇ ಒಕ್ಕದ ಹುಡುಗರು ಪರಸ್ಪರ ಗುರುತಿಲ್ಲದೆ ಬೆಳೆಯುವ ಕಾಲ ಬಂತು. ಪುತ್ತರಿಗೆ, ಕಾರೋಣರ ಪೂಜೆಗೆ ಬರುವವರೂ ಬಂದು ಉಂಡು, ಸಂಜೆಯ ಬಸ್ಸು ಹಿಡಿದು ಹೋಗುವವರೇ.

ಇನ್ನು ಹಾಕಿಯ ವಿಚಾರ. ಈಗ ನಾವು ಆಡುವ ಹಾಕಿ ಇಂಗ್ಲೆಂಡಿನಲ್ಲಿ ರೂಪುಗೊಂಡು, ಇಂಗ್ಲಿಷರ ಪಾಳೆಯಗಳ ಮೂಲಕ ಭಾರತಕ್ಕೆ ಬಂದದ್ದು. ಪಾಳೆಯವೆಂಬುದು ನಮ್ಮ ಸೀಮೆಗೂ ಹೊಸದಲ್ಲ. ಪಾಂಡವಪುರದ ಹಳೆಯ ಹೆಸರು ಹಿರೋಡೆ. ಇಂಗ್ಲಿಷರ ಬಾಯಲ್ಲಿ ಅದು ಫ್ರೆಂಚ್ ರಾಕ್ಸ್. ಹೈದರನ, ಟಿಪ್ಪುವಿನ ಕಡೆಯ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಬೆಟ್ಟಗಳಾದ್ದರಿಂದ ಆ ಹೆಸರು. ಆದರೆ ಆ ಬೀಡು ನಮ್ಮಲ್ಲಿ ಕಲ್ಲಿಗೆ ಒಂದು ಹೆಸರು ಬಿಟ್ಟು ಹೋಯಿತೇ ಹೊರತು ಆಟವನ್ನು ಬಿಟ್ಟುಹೋಗಲಿಲ್ಲ. ಕೊಡಗಿನ ಕಥೆ ಬೇರೆ. ಅಲ್ಲಿಯ ಯುವಕರು ತಾವೇ ಸೈನ್ಯಕ್ಕೆ ಹೋದರು. ರಜೆಯಲ್ಲಿ ಊರಿಗೆ ಬಂದಾಗ ಟ್ರಂಕಿನ ಜೊತೆಗೆ ಹಾಕಿಯ ಕೋಲನ್ನೂ ತಂದರು. ಕೋಡಂದೇರ ಒಕ್ಕ ಒಂದರಿಂದಲೇ ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇಬ್ಬರೂ ಬಂದ ನಾಡಿನಲ್ಲಿ ಸೈನ್ಯದ ಆಟ ಮನೆಯ ಆಟವಾದದ್ದು ಆಶ್ಚರ್ಯವಲ್ಲ.

ಆದರೂ ಸೈನ್ಯವೊಂದೇ ಕಾರಣವೆಂದು ನನಗೆ ತೋರುವುದಿಲ್ಲ. ಬೀಜ ಎಲ್ಲಿಂದಲೇ ಬರಲಿ, ನೆಲ ಹದವಾಗಿರಬೇಕಷ್ಟೆ. ಕೊಡಗಿನ ಊರೂರಿನಲ್ಲಿ ‘ಮಂದ್’ ಎಂಬ ಹುಲ್ಲುಬಯಲಿದೆ. ಪುತ್ತರಿಯ ಸುಗ್ಗಿ ಮುಗಿದ ಮೇಲೆ ಊರಿನ ಗಂಡಸರು ಅಲ್ಲಿ ನೆರೆದು ಕೋಲಾಟವಾಡುತ್ತಾರೆ. ‘ಪರಿಯ ಕಳಿ’ ಎಂಬ ಇನ್ನೊಂದು ಆಟದಲ್ಲಿ ಇಬ್ಬರು ಬೆತ್ತ ಗುರಾಣಿ ಹಿಡಿದು ಎದುರಾಳಿಯ ಮೊಣಕಾಲಿನ ಕೆಳಗಷ್ಟೇ ಹೊಡೆಯಬೇಕು. ಆಟ ಮುಗಿದ ಮೇಲೆ ಹಗೆ ಉಳಿಯಕೂಡದು. ಕೈಯಲ್ಲಿ ಕೋಲು, ಕಾಲಕೆಳಗೆ ಹಸಿರು, ಕಟ್ಟಳೆಗೆ ಒಳಪಟ್ಟ ಹೊಡೆತ, ಸುತ್ತ ನೆರೆದ ಊರು. ಹಾಕಿ ಬಂದಾಗ ಅದಕ್ಕೆ ಅಲ್ಲಿ ಒಂದು ಮಣೆ ಮೊದಲೇ ಹಾಕಿತ್ತು.

ಆ ನಾಡಿನಿಂದ ಬಂದ ಆಟಗಾರರ ಹೆಸರುಗಳನ್ನೆಲ್ಲ ಹೇಳುತ್ತ ಹೋದರೆ ನನಗೆ ಕೊಟ್ಟಿರುವ ಹೊತ್ತು ಸಾಲದು. ಎಂ.ಪಿ. ಗಣೇಶ್ 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. ಮರುವರ್ಷದ ವಿಶ್ವಕಪ್ಪಿನಲ್ಲಿ ಭಾರತದ ನಾಯಕರಾಗಿದ್ದರು. ನಾನು ಹುಡುಗನಾಗಿದ್ದಾಗ ರೇಡಿಯೋದಲ್ಲಿ ಕೇಳಿದ 1975ರ ಗೆಲುವಿನ ತಂಡದಲ್ಲಿ ಬಿ.ಪಿ. ಗೋವಿಂದ ಇದ್ದರು. ಎಂ.ಎಂ. ಸೋಮಯ್ಯ 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದವರು; 1988ರಲ್ಲಿ ಸೋಲ್ ಒಲಿಂಪಿಕ್ಸಿಗೆ ಅವರೇ ನಾಯಕರು. ಗೋಲು ಕಾಯುವುದರಲ್ಲಿ ಎ.ಬಿ. ಸುಬ್ಬಯ್ಯ, ಆಮೇಲಿನ ತಲೆಮಾರಿನಲ್ಲಿ ಅರ್ಜುನ್ ಹಾಲಪ್ಪ, ರಘುನಾಥ್, ಸುನಿಲ್, ಉತ್ತಪ್ಪ. ಕಾವೇರಿಯ ಹುಟ್ಟೂರಿನ ಪುಟ್ಟ ಜಿಲ್ಲೆಯೊಂದು ದೇಶಕ್ಕೆ ಇಷ್ಟು ಮಂದಿ ಆಟಗಾರರನ್ನು ಕೊಟ್ಟಿತು.

ಕುಟ್ಟಪ್ಪನವರು ಈ ಪಟ್ಟಿಗೆ ಸೇರಿದವರಲ್ಲ. ಅವರು ಬ್ಯಾಂಕಿನ ನೌಕರಿಯಿಂದ ನಿವೃತ್ತರಾದವರು. ಹಾಕಿ ಪಂದ್ಯಗಳ ತೀರ್ಪುಗಾರರಾಗಿ ಸೀಟಿ ಊದಿದವರು. ತೀರ್ಪುಗಾರನ ಕೆಲಸ ವಿಚಿತ್ರವಾದದ್ದು. ಆತ ಆಟವಿಡೀ ಎಲ್ಲರೊಡನೆ ಓಡುತ್ತಾನೆ, ಚೆಂಡನ್ನು ಮುಟ್ಟುವುದಿಲ್ಲ. ಆಟ ಚೆನ್ನಾಗಿ ನಡೆದ ದಿನ ಅವನ ನೆನಪು ಯಾರಿಗೂ ಉಳಿಯುವುದಿಲ್ಲ. ನಮ್ಮ ಕೂಡುಮನೆಗಳ ಒಳ್ಳೆಯ ಯಜಮಾನನ ಪಾಡೂ ಇದೇ ಅಲ್ಲವೆ? ನಿವೃತ್ತಿಯಾದವರು ಸಾಮಾನ್ಯವಾಗಿ ಆತ್ಮಕಥೆ ಬರೆಯುತ್ತಾರೆ, ಇಲ್ಲವೆ ನನ್ನಂತೆ ಭಾಷಣ ಮಾಡುತ್ತಾರೆ. ಕುಟ್ಟಪ್ಪನವರು ತಮ್ಮ ಒಕ್ಕದವರನ್ನು ಕೂಡಿಸಿಕೊಂಡು, ಕೊಡವ ಒಕ್ಕಗಳೆಲ್ಲ ಒಂದು ಬಯಲಿನಲ್ಲಿ ಹಾಕಿ ಆಡಬೇಕೆಂದು ಹೊರಟರು. 1997ರಲ್ಲಿ ವಿರಾಜಪೇಟೆ ತಾಲ್ಲೂಕಿನ ಕರಡ ಗ್ರಾಮದಲ್ಲಿ ಮೊದಲ ಪಂದ್ಯಾವಳಿ ನಡೆಯಿತು. ಪಾಂಡಂಡ ಒಕ್ಕ ಅದರ ಆತಿಥೇಯ. 60 ಒಕ್ಕಗಳ ತಂಡಗಳು ಬಂದವು. ಆ ಅರವತ್ತರಲ್ಲಿ ನನ್ನ ವಠಾರದ ಗೆಳೆಯರದೂ ಒಂದು. ಮೊದಲ ಸುತ್ತಿನಲ್ಲೇ ಸೋತು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಹಿಂದಿರುಗಿದ ಅವರ ಮುಖದಲ್ಲಿ ಇದ್ದ ಸಂತೋಷವನ್ನು ಕಂಡು ನಾನು ಬೆರಗಾದೆ. ‘ಮೇಷ್ಟ್ರೇ, ನನಗೆ ಗೊತ್ತಿಲ್ಲದ ನಾಲ್ಕು ಜನ ತಮ್ಮಂದಿರು ಸಿಕ್ಕಿದರು’ ಎಂದರು.

ಈ ಏರ್ಪಾಟಿನ ಜಾಣತನ ಇರುವುದು ಅದರ ಸರಳತೆಯಲ್ಲಿ. ಪ್ರತಿವರ್ಷ ಒಂದೊಂದು ಒಕ್ಕ ಆತಿಥ್ಯ ವಹಿಸುತ್ತದೆ. ಆ ವರ್ಷದ ಕಪ್ಪಿಗೆ ಆ ಒಕ್ಕದ ಹೆಸರು. ಆದ್ದರಿಂದ ಯಾವ ಮನೆತನವೂ ಇದು ತನ್ನದೇ ಎಂದು ಹಿಡಿದುಕೊಳ್ಳುವಂತಿಲ್ಲ, ಹೊಣೆಯಿಂದ ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಹೆಣ್ಣುಮಕ್ಕಳೂ ಗಂಡಸರ ಜೊತೆಗೆ ಅದೇ ತಂಡದಲ್ಲಿ ಆಡುತ್ತಾರೆ. ವಯಸ್ಸಿನ ಕಟ್ಟಿಲ್ಲ. ದೇಶಕ್ಕೆ ಆಡಿದವನೂ ಎಂದೂ ಕೋಲು ಹಿಡಿಯದವನೂ ಒಂದೇ ಒಕ್ಕದವರಾದರೆ ಒಂದೇ ತಂಡ. ತಂಡ ಕಟ್ಟಬೇಕಾದರೆ ಹನ್ನೊಂದು ಜನ ಬೇಕು. ಹನ್ನೊಂದು ಜನ ಬೇಕಾದರೆ ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗನಿಗೆ ಕಾಗದ ಬರೆಯಬೇಕು. ಮಾತುಬಿಟ್ಟಿರುವ ದೊಡ್ಡಪ್ಪನ ಮನೆಯ ಬಾಗಿಲು ತಟ್ಟಬೇಕು. ‘ಎಲ್ಲರೂ ಒಂದಾಗಿರಿ’ ಎಂದು ಉಪದೇಶ ಮಾಡಿದವರು ನಮ್ಮಲ್ಲಿ ಬಹಳ. ಆದರೆ ಕುಟ್ಟಪ್ಪನವರು ಉಪದೇಶವನ್ನು ಬಿಟ್ಟು, ಒಂದು ಲೆಕ್ಕವನ್ನು ಮುಂದಿಟ್ಟರು. ಹನ್ನೊಂದು ಎಂಬ ಆ ಲೆಕ್ಕ ತುಂಬಬೇಕಾದರೆ ಜಗಳ ತೀರಲೇಬೇಕು.

ಗೆಳೆಯರ ಒತ್ತಾಯಕ್ಕೆ ಕಟ್ಟುಬಿದ್ದು 2018ರ ಬೇಸಿಗೆಯಲ್ಲಿ ನಾನು ನಾಪೋಕ್ಲುವಿಗೆ ಹೋದೆ. ಆ ವರ್ಷ ಕುಲ್ಲೇಟಿರ ಒಕ್ಕದ ಕಪ್ಪು. 300ಕ್ಕೂ ಹೆಚ್ಚು ಒಕ್ಕಗಳು ಸೇರಿದ್ದವು. ಒಂದು ತಿಂಗಳ ಹತ್ತಿರ ನಡೆಯುವ ಹಬ್ಬದಲ್ಲಿ ನಾನು ಕಂಡದ್ದು ಎರಡು ದಿನ ಮಾತ್ರ. ದಿನಕ್ಕೆ ಹಲವು ಪಂದ್ಯಗಳು. ಗ್ಯಾಲರಿಯಲ್ಲಿ ಕೊಡೆ ಹಿಡಿದು ಕುಳಿತ ಅಜ್ಜಿಯರು. ಧ್ವನಿವರ್ಧಕದಲ್ಲಿ ಕೊಡವ ಮಾತಿನ ವೀಕ್ಷಕ ವಿವರಣೆ. ಹತ್ತು ಹನ್ನೆರಡು ವರ್ಷದ ಒಬ್ಬ ಹುಡುಗಿ ಬಲಪಕ್ಕದಲ್ಲಿ ಆಡುತ್ತಿದ್ದಳು. ಅವಳ ಹಿಂದೆ ರಕ್ಷಣೆಯಲ್ಲಿ ನಿಂತಿದ್ದವರು ಅರವತ್ತು ದಾಟಿದ ಮನುಷ್ಯರು, ಅವಳ ಅಜ್ಜನಂತೆ. ಎದುರು ತಂಡದ ಗಟ್ಟಿಮುಟ್ಟಾದ ಯುವಕ ಚೆಂಡನ್ನು ಹುಡುಗಿಯಿಂದ ಕಸಿದುಕೊಂಡ. ಅಜ್ಜ ಅಡ್ಡ ಬಂದರು. ಯುವಕ ಸಲೀಸಾಗಿ ಅವರನ್ನೂ ದಾಟಿ ಗೋಲು ಹೊಡೆದ. ಗೋಲಾದ ಕೂಡಲೇ ಅವನು ಮಾಡಿದ್ದೇನು ಗೊತ್ತೆ? ಹಿಂದಿರುಗುವ ದಾರಿಯಲ್ಲಿ ಬಗ್ಗಿ ಆ ಹಿರಿಯರ ಪಾದ ಮುಟ್ಟಿದ. ಹಿರಿಯರು ಅವನ ಬೆನ್ನ ಮೇಲೆ ಒಂದು ಗುದ್ದು ಕೊಟ್ಟರು. ಸುತ್ತಲಿನವರಿಗೆ ಇದು ವಿಶೇಷವೆಂದು ತೋರಲೇ ಇಲ್ಲ. ನನಗೆ ಕಣ್ಣು ಮಂಜಾಯಿತು. ನಮ್ಮ ಹಳ್ಳಿಯ ತೊಟ್ಟಿಮನೆಯ ನೆನಪು ಬಂದದ್ದೇ ಅದಕ್ಕೆ ಕಾರಣ.

ಆ ತೊಟ್ಟಿಮನೆಯ ವಿಚಾರ ಇಲ್ಲಿ ಹೇಳಲೇಬೇಕಾಗಿದೆ. ನಮ್ಮ ಅಜ್ಜನ ಕಾಲದಲ್ಲಿ ಇಪ್ಪತ್ತೆರಡು ಜನ ಒಂದೇ ಒಲೆಯಲ್ಲಿ ಉಣ್ಣುತ್ತಿದ್ದ ಮನೆ ಅದು. ನಾಗಮಂಗಲದ ನೆಲ ಮಳೆಯನ್ನೇ ನಂಬಿದ್ದು. ರಾಗಿ, ಹುರುಳಿ, ನಾಲ್ಕು ತೆಂಗಿನ ಮರ. ಅಜ್ಜ ತೀರಿಕೊಂಡ ಮೇಲೆ ಆಸ್ತಿ ಪಾಲಾಯಿತು. ಕೆರೆಯ ಹಿಂದಿನ ಒಂದೂವರೆ ಎಕರೆ ಗದ್ದೆಯ ಸಲುವಾಗಿ ನಮ್ಮ ತಂದೆಗೂ ಚಿಕ್ಕಪ್ಪನಿಗೂ ವ್ಯಾಜ್ಯ ಹತ್ತಿತು. ಅವರಿಬ್ಬರೂ ತೀರಿಕೊಂಡರು, ವ್ಯಾಜ್ಯ ನಮಗೆ ಪಿತ್ರಾರ್ಜಿತವಾಗಿ ಬಂತು. ಚಿಕ್ಕಪ್ಪನ ಮಗ ಬೇಸತ್ತು ಮುಂಬಯಿಗೆ ಹೋದ. ನಾಗಮಂಗಲ, ಕೃಷ್ಣರಾಜಪೇಟೆಯ ಕಡೆಯಿಂದ ಹೊಟ್ಟೆಪಾಡಿಗೆ ಮುಂಬಯಿಗೆ ಹೋದವರು ಸಾವಿರಾರು ಮಂದಿ; ಅವರಲ್ಲಿ ಅವನೂ ಒಬ್ಬನಾದ. ಇಪ್ಪತ್ತು ವರ್ಷ ನಾವು ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ಮನೆಯಲ್ಲಿ ಮದುವೆಯಾದರೆ ಒಂದು ಲಗ್ನಪತ್ರಿಕೆ ಅಂಚೆಯಲ್ಲಿ ಹೋಗುತ್ತಿತ್ತು, ಅಷ್ಟೆ.

ನಾಪೋಕ್ಲುವಿನಿಂದ ಹಿಂದಿರುಗಿದ ಮೇಲೆ ಅವನಿಗೆ ಕಾಗದ ಬರೆಯಬೇಕೆಂದುಕೊಂಡೆ. ಬರೆಯಲಿಲ್ಲ. ಆ ವರ್ಷ ಆಗಸ್ಟಿನಲ್ಲಿ ಕೊಡಗಿನಲ್ಲಿ ಭೂಕುಸಿತವಾಯಿತು. ಬೆಟ್ಟಗಳೇ ಜಾರಿ ಮನೆ, ತೋಟ, ಜನರನ್ನು ನುಂಗಿದವು. ಊರಿಗೆ ಊರೇ ನೊಂದಿದ್ದಾಗ ಹಬ್ಬ ಮಾಡುವುದು ಹೇಗೆ? 2019ರಲ್ಲಿ ಹಾಕಿ ಹಬ್ಬ ನಡೆಯಲಿಲ್ಲ. 2020ರಲ್ಲಿ ಕೊರೋನಾ ಬಂತು. ಜನ ನೆರೆಯುವುದೇ ಅಪರಾಧವಾಯಿತು. ಆ ವರ್ಷವೇ ಕುಟ್ಟಪ್ಪನವರು ತೀರಿಕೊಂಡರು. ನೂರಾರು ಒಕ್ಕಗಳನ್ನು ಒಂದು ಬಯಲಿಗೆ ಕರೆತಂದ ಹಿರಿಯರು ಕಣ್ಣುಮುಚ್ಚಿದಾಗ ಆ ಬಯಲಿನಲ್ಲಿ ಹುಲ್ಲು ಬೆಳೆದಿತ್ತು. ಪತ್ರಿಕೆಯಲ್ಲಿ ಸುದ್ದಿ ಓದಿ ಗೆಳೆಯರಿಗೆ ದೂರವಾಣಿ ಮಾಡಿದೆ. ಅವರು ಹೆಚ್ಚು ಮಾತಾಡಲಿಲ್ಲ. ‘ಕಾರೋಣರ ಸಾಲಿಗೆ ಸೇರಿದರು’ ಎಂದಷ್ಟೇ ಹೇಳಿದರು.

ಆ ದಿನಗಳಲ್ಲೇ ಮುಂಬಯಿಯಿಂದ ನಮ್ಮ ಜಿಲ್ಲೆಗೆ ಜನ ಮರಳತೊಡಗಿದ್ದರು. ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರಗಳ ವಿದ್ಯಾರ್ಥಿನಿಲಯಗಳು ಕ್ವಾರಂಟೈನ್ ಕೇಂದ್ರಗಳಾಗಿದ್ದವು. ಮಂಡ್ಯ ಜಿಲ್ಲೆಯ ಸೋಂಕಿನ ಲೆಕ್ಕವನ್ನು ಪತ್ರಿಕೆಗಳು ದಿನವೂ ದಪ್ಪ ಅಕ್ಷರದಲ್ಲಿ ಅಚ್ಚುಹಾಕುತ್ತಿದ್ದವು. ‘ಮುಂಬಯಿಯವರು’ ಎಂಬುದು ಬೈಗುಳದಂತಾಗಿತ್ತು. ಅವರೆಲ್ಲ ನಮ್ಮ ಊರಿನವರೇ, ನಮ್ಮ ಮನೆಗಳಿಂದ ಹೋದವರೇ ಎಂಬುದನ್ನು ನಾವು ಮರೆತಿದ್ದೆವು. ಒಂದು ಸಂಜೆ ನನಗೆ ಗುರುತಿಲ್ಲದ ಸಂಖ್ಯೆಯಿಂದ ಕರೆ ಬಂತು. ‘ದೊಡ್ಡಪ್ಪಾ, ನಾನು...’ ಎಂದು ಒಂದು ಹುಡುಗಿ ತನ್ನ ತಂದೆಯ ಹೆಸರು ಹೇಳಿದಳು. ಚಿಕ್ಕಪ್ಪನ ಮಗನ ಮಗಳು. ಕೃಷ್ಣರಾಜಪೇಟೆಯ ಒಂದು ವಿದ್ಯಾರ್ಥಿನಿಲಯದಲ್ಲಿ ಅವರನ್ನು ಇರಿಸಿದ್ದರು. ‘ಅಪ್ಪನಿಗೆ ನಿಮ್ಮನ್ನು ಒಂದು ಸಲ ನೋಡಬೇಕಂತೆ. ಗೇಟಿನ ಹೊರಗೆ ನಿಂತರೂ ಸಾಕಂತೆ.’

ನಾನಾಗ ಇದ್ದದ್ದು ಪಾಂಡವಪುರದಲ್ಲಿ. ಒಂದು ಗಂಟೆಯ ದಾರಿ. ನಾನು ಹೋಗಲಿಲ್ಲ. ವಯಸ್ಸಾಗಿದೆ, ಸಕ್ಕರೆ ಕಾಯಿಲೆಯಿದೆ, ಓಡಾಟಕ್ಕೆ ಅನುಮತಿಯಿಲ್ಲ ಎಂದು ಕಾರಣಗಳನ್ನು ಒಂದೊಂದಾಗಿ ಪೋಣಿಸಿದೆ. ಎಲ್ಲವೂ ನಿಜವೇ. ಆದರೆ ನಿಜವಾದ ಕಾರಣ ಆ ಒಂದೂವರೆ ಎಕರೆ ಗದ್ದೆ. ಅವನು ಉಳಿದುಕೊಂಡ. ಎರಡು ವಾರ ಕಳೆದು ಊರಿಗೆ ಹೋದ. ಊರಿನವರು ಅವನ ಮನೆಯ ಕಡೆ ಸುಳಿಯಲಿಲ್ಲ. ವರ್ಷ ತಿರುಗುವುದರೊಳಗೆ ಮತ್ತೆ ಮುಂಬಯಿಗೆ ಹೊರಟುಹೋದ. ನಲವತ್ತು ವರ್ಷ ಕನ್ನಡದ ಹುಡುಗರಿಗೆ ಮಾನವೀಯತೆಯ ಕಾವ್ಯವನ್ನು ಪಾಠ ಹೇಳಿದವನು ಒಂದು ಗೇಟಿನ ಹೊರಗೆ ನಿಲ್ಲಲಾರದೆ ಹೋದೆ. ಇದನ್ನು ಬಾನುಲಿಯಲ್ಲಿ ಹೇಳಿಕೊಳ್ಳಬೇಕೆ ಎಂದು ಯೋಚಿಸಿದೆ. ಕುಟ್ಟಪ್ಪನವರ ಕೆಲಸದ ಬೆಲೆ ನನಗೆ ತಿಳಿದದ್ದು ಈ ಲಜ್ಜೆಯ ಮೂಲಕವಾದ್ದರಿಂದ ಹೇಳದೆ ವಿಧಿಯಿಲ್ಲ.

ನಾಲ್ಕು ವರ್ಷಗಳ ಬಿಡುವಿನ ನಂತರ 2023ರಲ್ಲಿ ನಾಪೋಕ್ಲುವಿನಲ್ಲಿ ಅಪ್ಪಚೆಟ್ಟೋಳಂಡ ಒಕ್ಕದ ಆತಿಥ್ಯದಲ್ಲಿ ಹಾಕಿ ಹಬ್ಬ ಮತ್ತೆ ಆರಂಭವಾಯಿತು. ಹಾಕಿದ ಹಿರಿಯರಿಲ್ಲದಿದ್ದರೂ ಪಂಕ್ತಿ ಬರಿದಾಗಲಿಲ್ಲ. 330ಕ್ಕೂ ಹೆಚ್ಚು ತಂಡಗಳು ಬಂದವು. 2024ರ ಕುಂಡ್ಯೋಳಂಡ ಕಪ್ಪಿನಲ್ಲಿ 360 ಒಕ್ಕಗಳು; ಅದಕ್ಕೆ ಗಿನ್ನೆಸ್ ದಾಖಲೆಯ ಮನ್ನಣೆ ದೊರೆಯಿತು. 2025ರಲ್ಲಿ ಮಡಿಕೇರಿಯಲ್ಲಿ ನಡೆದ ಮುದ್ದಂಡ ಕಪ್ಪಿಗೆ 396 ಒಕ್ಕಗಳು ಬಂದವು. ಅರವತ್ತರಿಂದ ಮುನ್ನೂರ ತೊಂಬತ್ತಾರು! ದಾಖಲೆಯ ಪುಸ್ತಕದವರು ಎಣಿಸುವುದು ತಂಡಗಳನ್ನು. ಒಂದೊಂದು ತಂಡದ ಹಿಂದೆ ಎಷ್ಟು ಬಾಗಿಲು ತಟ್ಟಬೇಕಾಯಿತು, ಎಷ್ಟು ಮುನಿಸುಗಳನ್ನು ನುಂಗಬೇಕಾಯಿತು ಎಂಬುದಕ್ಕೆ ಲೆಕ್ಕ ಇಟ್ಟವರಿಲ್ಲ.

ಈ ಹಬ್ಬದ ವಿಷಯದಲ್ಲಿ ಆಕ್ಷೇಪಗಳೇ ಇಲ್ಲವೆಂದಲ್ಲ. ಖರ್ಚು ಬೆಳೆಯಿತು; ಸರ್ಕಾರದ ಅನುದಾನದ ಮಾತು ಬಂತು; ಚಿಕ್ಕ ಒಕ್ಕಗಳಿಗೆ ಆತಿಥ್ಯದ ಭಾರ ಹೆಚ್ಚು ಎನ್ನುವವರಿದ್ದಾರೆ. ಒಂದೇ ಜನಾಂಗದ ಒಳಗೆ ಮುಗಿಯುವ ಒಗ್ಗಟ್ಟು ಎಷ್ಟು ದೂರ ನಡೆದೀತು ಎಂದು ಕೇಳುವವರೂ ಇದ್ದಾರೆ. ಈ ಪ್ರಶ್ನೆಗಳನ್ನು ತಳ್ಳಿಹಾಕುವಂತಿಲ್ಲ. ಆದರೆ ಕುಟ್ಟಪ್ಪನವರು ಹಾಕಿದ ಮೇಲ್ಪಂಕ್ತಿ ಬೇಲಿಯನ್ನು ದಾಟಿದೆ. ಕೊಡಗಿನ ಅರೆಭಾಷೆ ಗೌಡ ಕುಟುಂಬಗಳು ಇದೇ ಬಗೆಯಲ್ಲಿ ಕ್ರಿಕೆಟ್ ಪಂದ್ಯಾವಳಿ ನಡೆಸುತ್ತಿವೆ. ಒಳ್ಳೆಯ ಆಲೋಚನೆಗೆ ಪೇಟೆಂಟ್ ಇರುವುದಿಲ್ಲ.

ಒಬ್ಬ ಹಿರಿಯ ತನ್ನ ಹಿಂದೆ ಬಿಟ್ಟುಹೋಗುವುದೇನು? ಮನೆ, ಗದ್ದೆ, ಒಡವೆ. ಇವೆಲ್ಲ ಪಾಲಾಗುತ್ತವೆ, ಪಾಲಾದಷ್ಟೂ ಕಿರಿದಾಗುತ್ತವೆ. ಕೃಷ್ಣರಾಜಸಾಗರದ ನಾಲೆಯ ನೀರು ಬಂದ ಮೇಲೆ ನಮ್ಮ ಜಿಲ್ಲೆಯ ಗದ್ದೆಗಳ ಬೆಲೆ ಏರಿತು, ಅದರ ಜೊತೆಗೆ ಪಾಲುಪಾರೀಕತ್ತಿನ ದಾವೆಗಳೂ ಏರಿದವು. ಆಟದ ಸ್ವಭಾವವೇ ಬೇರೆ. ಅದನ್ನು ಪಾಲುಮಾಡಲು ಬರುವುದಿಲ್ಲ, ಆಡಬೇಕಾದರೆ ಕೂಡಲೇಬೇಕು. ಕೊಡಗಿನಿಂದ ಬರುವ ಕಾವೇರಿ, ಲಕ್ಷ್ಮಣತೀರ್ಥ, ಕೃಷ್ಣರಾಜಪೇಟೆಯನ್ನು ಹಾದು ಬರುವ ಹೇಮಾವತಿ, ಮೂರೂ ಬೇರೆಬೇರೆಯಾಗಿ ಹರಿದು ಕನ್ನಂಬಾಡಿಯ ಕಟ್ಟೆಯಲ್ಲಿ ಒಂದಾಗುತ್ತವೆ. ನೀರು ತಾನಾಗಿ ಅಲ್ಲಿ ನಿಂತದ್ದಲ್ಲ. ಯಾರೋ ಕಟ್ಟೆ ಕಟ್ಟಿದರು, ಆಮೇಲೆ ನಿಂತಿತು. ಮನೆತನಗಳಿಗೂ ಅಂಥ ಒಂದು ಕಟ್ಟೆ ಬೇಕು. ಕೊಡಗಿನಲ್ಲಿ ಅದನ್ನು ಕಟ್ಟಿದವರು ಅರಸರಲ್ಲ, ಮಂತ್ರಿಗಳಲ್ಲ. ಸೀಟಿ ಊದುತ್ತಿದ್ದ ಒಬ್ಬ ನಿವೃತ್ತ ಬ್ಯಾಂಕ್ ನೌಕರರು.

ಕಳೆದ ಬೇಸಿಗೆಯಲ್ಲಿ ನಾನು ಆ ಕಾಗದವನ್ನು ಕೊನೆಗೂ ಬರೆದೆ. ಕ್ಷಮೆ ಕೇಳುವುದಕ್ಕೆ ನನಗೆ ಗೊತ್ತಿದ್ದ ಸಂಸ್ಕೃತ ಪದಗಳೆಲ್ಲ ಕೃತಕವಾಗಿ ತೋರಿದವು. ‘ಊರಹಬ್ಬಕ್ಕೆ ಬಾ, ನಿನ್ನನ್ನು ಕರೆಯಲು ಬಸ್‌ಸ್ಟ್ಯಾಂಡಿಗೆ ನಾನೇ ಬರುತ್ತೇನೆ’ ಎಂದು ಎರಡು ಸಾಲು ಬರೆದೆ. ಅವನು ಬಂದ. ದಾವೆ ಇನ್ನೂ ನ್ಯಾಯಾಲಯದಲ್ಲಿದೆ; ಹಿಂದಕ್ಕೆ ತೆಗೆದುಕೊಳ್ಳುವ ಅರ್ಜಿಗೆ ಇಬ್ಬರೂ ರುಜು ಹಾಕಬೇಕು, ಮುಂದಿನ ವಾಯಿದೆಗೆ ಹಾಕುತ್ತೇವೆ. ಊಟವಾದ ಮೇಲೆ ಮಕ್ಕಳು ಕಣದಲ್ಲಿ ಟೆನಿಸ್ ಚೆಂಡು ಹಿಡಿದು ಕ್ರಿಕೆಟ್ಟಿಗೆ ಅಣಿಯಾದರು. ಒಂದು ಪಕ್ಷಕ್ಕೆ ಜನ ಸಾಲಲಿಲ್ಲ. ಮುಂಬಯಿಯ ಆ ಹುಡುಗಿ ಬಂದು ನನ್ನ ಕೈ ಹಿಡಿದು, ‘ದೊಡ್ಡಪ್ಪಾ, ಒಬ್ಬರು ಕಡಿಮೆ, ಬನ್ನಿ’ ಎಂದಳು.

ಹೋಗಿ ನಿಂತೆ. ಚೆಂಡು ನನ್ನ ಕಡೆ ಒಂದೇ ಸಲ ಬಂತು, ಹಿಡಿಯಲಾಗಲಿಲ್ಲ. ಯಾರೂ ಬೈಯಲಿಲ್ಲ.

(ಬಾನುಲಿ ಭಾಷಣ. ಆಕಾಶವಾಣಿಯ ಕೃಪೆಯಿಂದ)